ಅಮ್ಮ ಯಾವ ಕಾಗದಕ್ಕೂ ಸಹಿ ಹಾಕಿಲ್ಲ

(ಮೈಸೂರಿನ ಒಂದು ಮನೆ, ಭಾನುವಾರ ಬೆಳಿಗ್ಗೆ. ಅಪ್ಪ ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಈ ಮನೆಯ ನಡುಮನೆಯಲ್ಲೇ ಕೂತು ಮಾಡುವವಳು.)

ಮಗಳು: ಅಪ್ಪ, ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗುರುವಾರ ಲ್ಯಾಬಿನವರ ಹತ್ತಿರ ಫೋನಿನಲ್ಲಿ ಮಾತಾಡಿದ್ರಲ್ಲ, ಅಮ್ಮನ ರಿಪೋರ್ಟ್ ವಿಚಾರ?

ಅಪ್ಪ: ಹೌದು. ಕ್ರಿಯಾಟಿನೈನ್ ಎರಡು ಪಾಯಿಂಟ್ ನಾಲ್ಕು ಅಂದ್ರು. ಇನ್ನೊಂದು ಸಲ ಕೇಳಿ ಖಾತ್ರಿ ಮಾಡ್ಕೊಂಡೆ. ಯಾಕೆ?

ಮಗಳು: ಆ ಹೊತ್ತಿಗೆ ಮೀಟಿಂಗಿನಲ್ಲಿ ಮಾತಾಡೋ ಸರದಿ ನನ್ನದು, ಮೈಕು ಆನ್ ಇತ್ತು. ಈಗ ನಮ್ಮ ಮೀಟಿಂಗುಗಳಲ್ಲಿ ಆಡಿದ್ದನ್ನೆಲ್ಲ ತಾನೇ ಬರೆದುಕೊಳ್ಳೋ ಸಾಫ್ಟ್‌ವೇರ್ ಕೂತಿರತ್ತೆ. ಮಾತು ಯಾರ ಮೈಕಿನಿಂದ ಬಂತು ಅನ್ನೋದಷ್ಟೇ ಅದಕ್ಕೆ ಲೆಕ್ಕ. ನೀವು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎರಡು ಸಲ ಹೇಳಿದ್ರಿ. ಸಂಜೆ ಎಲ್ಲರಿಗೂ ಬಂದ ವರದಿಯಲ್ಲಿ ಆ ಮಾತು ನನ್ನ ಹೆಸರಿನ ಮುಂದೆ ಬಿದ್ದಿದೆ. ಟೀಮ್ ಲೀಡ್ ಬೇರೆಯಾಗಿ ಮೆಸೇಜು ಮಾಡಿ, ಕಿಡ್ನಿ ತೊಂದರೆ ಇದ್ರೆ ಮೊದಲೇ ಹೇಳಬಾರದಿತ್ತಾ ಅಂತ ಕೇಳಿದ್ರು.

ಅಪ್ಪ: ಅಳಿಸಿಬಿಡಿ ಅನ್ನು, ಅಷ್ಟೇ ತಾನೆ?

ಮಗಳು: ಅಳಿಸೋ ಅಧಿಕಾರ ಮೀಟಿಂಗ್ ಕರೆದವರದ್ದು. ಅವರು ಅಳಿಸಿದ್ರೂ ಅಷ್ಟೂ ಜನರ ಇನ್‌ಬಾಕ್ಸಿಗೆ ಹೋಗಿ ಕೂತಾಗಿದೆ.

ಅಪ್ಪ: ನೀನು ಕಿವಿಗೆ ಆ ದೊಡ್ಡ ಹೆಡ್‌ಫೋನ್ ಹಾಕ್ಕೊಂಡಿರ್ತೀಯಲ್ಲಮ್ಮ, ಅದು ಯಾಕಿರೋದು ಮತ್ತೆ?

ಮಗಳು: ಅದಕ್ಕೇ ಬಂದೆ ನಾನು. ಹೆಡ್‌ಫೋನ್ ಹಾಕಿದ್ರೆ ಅವರ ಮಾತು ನಿಮಗೆ ಕೇಳಿಸಲ್ಲ. ನಿಮ್ಮ ಮಾತು ಅವರಿಗೆ ಕೇಳಿಸೋದನ್ನ ಅದು ತಡೆಯಲ್ಲ. ಕಂಪನಿ ವರ್ಷಕ್ಕೊಂದು ಸಲ ಆನ್‌ಲೈನ್ ತರಬೇತಿ ಕೊಟ್ಟು ಪರೀಕ್ಷೆ ಮಾಡತ್ತೆ. ಮನೆಯವರ ಎದುರು ಕ್ಲೈಂಟಿನ ಹೆಸರು ಹೇಳಬೇಡಿ, ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ, ಮನೇಲಿ ಪ್ರಿಂಟ್ ತೆಗೀಬೇಡಿ. ಕಂಪನಿ ಗುಟ್ಟು ಮನೆಗೆ ಸೋರದ ಹಾಗೆ ಅಷ್ಟೊಂದು ನಿಯಮ. ಮನೆಯ ಗುಟ್ಟು ಕಂಪನಿಗೆ ಸೋರಿದ್ರೆ ಏನು ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಅಪ್ಪ: ಹೂಂ. ನಮ್ಮ ಕಾಲದಲ್ಲೇನು ಗುಟ್ಟು ಇತ್ತು ಅಂದ್ಕೊಂಡಿದೀಯ? ಇಡೀ ಬೀದಿಗೆ ಒಂದು ಫೋನು. ಪಕ್ಕದ ಮನೆ ನಂಬರನ್ನೇ ನಮ್ಮ ಲಗ್ನಪತ್ರಿಕೆಯಲ್ಲಿ ಹಾಕಿ ಮುಂದೆ ಪಿ.ಪಿ. ಅಂತ ಬರೆಸಿದ್ವಿ. ಅವರು ಕೂಗಿದಾಗ ಓಡಿಹೋಗಿ, ಅವರ ಹಜಾರದಲ್ಲಿ ನಿಂತು, ಅವರೆಲ್ಲರ ಎದುರೇ ಮಾತಾಡಬೇಕಿತ್ತು.

ಮಗಳು: ಆದ್ರೆ ಕೇಳಿಸಿಕೊಂಡವರ ಮುಖ ನಿಮಗೆ ಕಾಣ್ತಿತ್ತು. ಮಾತು ಅಲ್ಲಿಗೇ ಮುಗೀತಿತ್ತು. ಯಾರೂ ಅದನ್ನ ಹುಡುಕಿ ಓದೋ ಹಾಗೆ ಬರೆದಿಡ್ತಿರಲಿಲ್ಲ.

ಅಪ್ಪ: ಅದು ನಿಜ. ಎಕ್ಸ್‌ಚೇಂಜಿನ ವಿಷಯ ಕೇಳು. ಟ್ರಂಕ್ ಬೋರ್ಡಿನಲ್ಲಿ ಕೂತವರು ಯಾವ ಮಾತು ಬೇಕಾದ್ರೂ ಕೇಳಬಹುದಿತ್ತು. ಲೈನು ಸಿಕ್ಕಿತೋ, ಮಾತು ಮುಗೀತೋ ತಿಳಿಯೋಕೆ ಕೀ ಒತ್ತಿ ಕಿವಿ ಕೊಡಲೇಬೇಕು. ಮೂರು ನಿಮಿಷ ಆದ ಮೇಲೆ ನಡುವೆ ಹೊಕ್ಕು ಹೇಳಬೇಕು. ಊರಿನ ಸಾವು, ಸಾಲ, ಮುರಿದ ಸಂಬಂಧ ಎಲ್ಲ ನಮಗೆ ಮೊದಲು ಗೊತ್ತಾಗೋದು. ಆದ್ರೆ 1885ರ ಟೆಲಿಗ್ರಾಫ್ ಕಾಯ್ದೆಯ 26ನೇ ಕಲಂ ತಲೆ ಮೇಲೆ ತೂಗ್ತಿತ್ತು. ಕೇಳಿದ್ದನ್ನ ಹೊರಗೆ ಬಿಟ್ಟ ನೌಕರನಿಗೆ ಮೂರು ವರ್ಷದವರೆಗೆ ಜೈಲು.

ಮಗಳು: ಹಾಗಿದ್ದೂ ಕದ್ದಾಲಿಕೆ ನಡೀಲಿಲ್ವಾ?

ಅಪ್ಪ: ನಡೀದೆ ಏನು? 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದೇ ಫೋನ್ ಕದ್ದಾಲಿಕೆ ಆರೋಪದ ಮೇಲೆ. ಫೋನಿನಲ್ಲಿ ಆಡೋ ಮಾತು ಮನುಷ್ಯನ ಖಾಸಗಿ ಬದುಕಿನ ಭಾಗ, ಸರ್ಕಾರ ಕೂಡ ಸುಮ್ಮಸುಮ್ಮನೆ ಕೇಳಿಸಿಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಈಗ ನಿನ್ನ ವಿಡಿಯೊ ಕಾಲಿನಲ್ಲಿ ಎಕ್ಸ್‌ಚೇಂಜು ಎಲ್ಲಿದೆ ಹೇಳು. ಬೀಗ ಹಾಕಿರ್ತಾರಂತಲ್ಲ, ಎನ್‌ಕ್ರಿಪ್ಷನ್ನು?

ಮಗಳು: ಬೀಗದಲ್ಲಿ ಎರಡು ಬಗೆ. ನಿಮ್ಮ ಭಾಷೇಲೇ ಹೇಳ್ತೀನಿ. ಒಂದರಲ್ಲಿ ತಂತಿ ಉದ್ದಕ್ಕೂ ಬೀಗ, ಆದ್ರೆ ಎಕ್ಸ್‌ಚೇಂಜಿನೊಳಗೆ ಮಾತು ಬಿಚ್ಚಿಕೊಳ್ಳತ್ತೆ. ಇನ್ನೊಂದರಲ್ಲಿ ಎಕ್ಸ್‌ಚೇಂಜಿಗೂ ತಿಳಿಯಲ್ಲ, ಮಾತಾಡೋ ಇಬ್ಬರ ಹತ್ತಿರ ಮಾತ್ರ ಬೀಗದ ಕೈ. ವಾಟ್ಸ್ಆ್ಯಪ್ ಕಾಲು, ಮೆಸೇಜು ಎರಡನೇ ಬಗೆಯದ್ದು, 2016ರಿಂದ. ಆಫೀಸಿನ ಮೀಟಿಂಗ್ ಹೆಚ್ಚಾಗಿ ನಡೆಯೋ ಝೂಮ್, ಟೀಮ್ಸ್, ಗೂಗಲ್ ಮೀಟ್ ಸಾಮಾನ್ಯವಾಗಿ ಮೊದಲನೇ ಬಗೆ.

ಅಪ್ಪ: ಝೂಮ್ ಎರಡನೇ ಬಗೆ ಅಂತ ಲಾಕ್‌ಡೌನಿನಲ್ಲಿ ಹೇಳಿಕೊಂಡಿದ್ರಲ್ಲ?

ಮಗಳು: ಹೇಳಿಕೊಂಡಿದ್ರು, ಇರಲಿಲ್ಲ. 2019ರ ಡಿಸೆಂಬರಿನಲ್ಲಿ ದಿನಕ್ಕೆ ಒಂದು ಕೋಟಿ ಇದ್ದ ಅವರ ಮೀಟಿಂಗ್ ಹಾಜರಿ 2020ರ ಏಪ್ರಿಲಿಗೆ 30 ಕೋಟಿ ಆಯ್ತು. ಆಗ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬಿನವರು ಒಳಗೆ ಕೈ ಹಾಕಿ ನೋಡಿದ್ರು. ಬೀಗ ಹೇಳಿದ್ದಕ್ಕಿಂತ ಹಗುರ, ಕೆಲವು ಸಲ ಬೀಗದ ಕೈ ಚೀನಾದ ಸರ್ವರಿನಿಂದ ಬರ್ತಿತ್ತು. ನಮ್ಮ ಕೇಂದ್ರ ಗೃಹ ಇಲಾಖೆಯೂ ಅದೇ ಏಪ್ರಿಲಿನಲ್ಲಿ, ಸರ್ಕಾರಿ ಕೆಲಸಕ್ಕೆ ಝೂಮ್ ಬೇಡ ಅಂತ ಸೂಚನೆ ಹೊರಡಿಸಿತು. ಗ್ರಾಹಕರಿಗೆ ಸುಳ್ಳು ಹೇಳಿದ್ರು ಅಂತ ಅಮೆರಿಕದ ವಾಣಿಜ್ಯ ಆಯೋಗ ಹಿಡಿದುಕೊಂಡಿತು. ಗ್ರಾಹಕರು ಹಾಕಿದ ಕೇಸಿನಲ್ಲಿ 2021ರಲ್ಲಿ 8.5 ಕೋಟಿ ಡಾಲರಿಗೆ ರಾಜಿ ಆಯ್ತು. ನಿಜವಾದ ಎರಡನೇ ಬಗೆಯ ಬೀಗ ಬಂದಿದ್ದು 2020ರ ಅಕ್ಟೋಬರಿನಲ್ಲಿ. ಅದೂ ನಾವೇ ಆನ್ ಮಾಡ್ಕೋಬೇಕು. ಆನ್ ಮಾಡಿದ್ರೆ ಅವರ ಸರ್ವರಿನಲ್ಲಿ ರೆಕಾರ್ಡಿಂಗ್ ಆಗಲ್ಲ. ರೆಕಾರ್ಡಿಂಗ್ ಬೇಡ ಅನ್ನೋ ಮ್ಯಾನೇಜರನ್ನ ನಾನಂತೂ ಕಂಡಿಲ್ಲ.

ಅಪ್ಪ: ಅಂದ್ರೆ ಬೀಗ ಎಂಥದ್ದಾದ್ರೂ ಒಳಗಿದ್ದವನು ಬಾಗಿಲು ತೆಗೀತಾನೆ.

ಮಗಳು: ಸರಿಯಾಗಿ ಹೇಳಿದ್ರಿ. 2020ರ ನವೆಂಬರಿನಲ್ಲಿ ಯುರೋಪಿನ ರಕ್ಷಣಾ ಮಂತ್ರಿಗಳ ಗೋಪ್ಯ ವಿಡಿಯೊ ಸಭೆ ನಡೀತಿತ್ತು. ಡಚ್ ಮಂತ್ರಿಣಿ ಅದರಲ್ಲಿ ಭಾಗವಹಿಸೋ ಫೋಟೊ ಟ್ವಿಟರಿನಲ್ಲಿ ಬಂತು. ಫೋಟೊದಲ್ಲಿ ಲಾಗಿನ್ ವಿಳಾಸ ಕಾಣ್ತಿತ್ತು, ಆರು ಅಂಕಿಯ ಪಿನ್ನಿನಲ್ಲಿ ಐದು ಅಂಕಿನೂ ಕಾಣ್ತಿತ್ತು. ಡಚ್ ಟಿವಿ ಪತ್ರಕರ್ತರೊಬ್ಬರು ಉಳಿದ ಒಂದು ಅಂಕಿ ಊಹಿಸಿ ಒಳಗೆ ಹೋಗಿ ಎಲ್ಲರಿಗೂ ಕೈ ಬೀಸಿದ್ರು.

ಅಪ್ಪ: ಒಂದು ಅಂಕಿ ಊಹಿಸೋಕೆ ಹತ್ತು ಸಲ ಸಾಕು! ನಮ್ಮ ಹೈಕೋರ್ಟಿನಲ್ಲೂ ಏನೋ ಆಗಿತ್ತಲ್ಲ?

ಮಗಳು: 2023ರ ಡಿಸೆಂಬರಿನಲ್ಲಿ. ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪಕ್ಕೆ ಯಾರೋ ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ರು. ಕೋರ್ಟು ಕೆಲವು ಕಾಲ ವಿಡಿಯೊ ಕಲಾಪ, ನೇರಪ್ರಸಾರ ಎರಡನ್ನೂ ನಿಲ್ಲಿಸಬೇಕಾಯ್ತು. ಕೋರ್ಟು ಸಾರ್ವಜನಿಕ ಜಾಗ, ಲಿಂಕು ಎಲ್ಲರಿಗೂ ಸಿಗಲೇಬೇಕು, ಅವರ ಕಷ್ಟ ಬೇರೆ. ನಮ್ಮಂಥವರ ಮೀಟಿಂಗಿಗೆ ಕಾಯುವ ಕೋಣೆ ಇಟ್ಟು ಒಬ್ಬೊಬ್ಬರನ್ನೇ ಒಳಗೆ ಬಿಟ್ಟುಕೊಂಡು, ಎಲ್ಲರೂ ಬಂದ ಮೇಲೆ ಬಾಗಿಲು ಹಾಕಿದ್ರೆ ಸಾಕು. ಅದು ಬಗೆಹರಿದ ಸಮಸ್ಯೆ. ನನಗೆ ತಲೆನೋವು ಒಳಗೆ ನ್ಯಾಯವಾಗಿ ಕೂತಿರೋರು.

ಅಮ್ಮ: (ಅಡುಗೆಮನೆಯಿಂದ) ನನ್ನ ತಲೆನೋವು ಆ ಕ್ಯಾಮೆರಾ. ದೇವರ ಮನೆಗೆ ಹೋಗಬೇಕಾದ್ರೆ ಟೇಬಲಿನ ಹಿಂದೆ ಬಗ್ಗಿ ಬಗ್ಗಿ ಹೋಗ್ತೀನಿ. ಸೊಂಟ ನೋವು ಅಂದ್ರೆ ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ರು.

ಮಗಳು: ಹಿಂದಿನದೆಲ್ಲ ಮಂಜು ಮಾಡಿರ್ತೀನಿ ಅಮ್ಮ, ನೀನು ಕಾಣಲ್ಲ.

ಅಮ್ಮ: ನನ್ನ ಮುಖ ಮಾತ್ರ ಮಂಜಾಗಿರಲಿಲ್ಲವಂತೆ. ನಿನ್ನ ಜೊತೆ ಕೆಲಸ ಮಾಡೋ ಆ ಹುಡುಗಿ ಮನೆಗೆ ಬಂದಾಗ ಹೇಳಿದಳು, ಆಂಟಿ, ನಿಮ್ಮನ್ನ ದಿನಾ ನೋಡ್ತೀನಿ ಅಂತ.

ಮಗಳು: ಅದು ಹೌದು. ಮಂಜು ಮಾಡೋ ಲೆಕ್ಕಾಚಾರ ಮನುಷ್ಯರ ಆಕಾರವನ್ನ ಹುಡುಕತ್ತೆ. ಹಿಂದೆ ಇನ್ನೊಬ್ಬರು ಬಂದ್ರೆ ಅವರನ್ನೂ ಒಂದು ಗಳಿಗೆ ಸ್ಪಷ್ಟವಾಗಿ ತೋರಿಸಿಬಿಡಬಹುದು. ಗೋಡೆಗೆ ಬೆನ್ನು ಹಾಕಿ ಕೂರೋದೇ ವಾಸಿ. ನಾಳೆಯಿಂದ ಟೇಬಲ್ಲು ತಿರುಗಿಸ್ತೀನಿ.

ಅಪ್ಪ: ಆಮೇಲೆ ಮ್ಯೂಟ್ ಮಾಡಿಟ್ರೆ ಮುಗೀತು.

ಮಗಳು: ಎದುರಿನವರಿಗೆ ಕೇಳಿಸಲ್ಲ, ನಿಜ. ಆದ್ರೆ 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದಾಗ, ಮ್ಯೂಟ್ ಒತ್ತಿದ ಮೇಲೂ ಆ್ಯಪುಗಳು ಮೈಕನ್ನ ಬಿಟ್ಟುಕೊಟ್ಟಿರಲಿಲ್ಲ. ಒಂದು ಆ್ಯಪಂತೂ ಕೋಣೆಯ ಸದ್ದಿನ ಏರಿಳಿತದ ಲೆಕ್ಕವನ್ನ ತನ್ನ ಸರ್ವರಿಗೆ ಕಳಿಸ್ತಾ ಇತ್ತು. ಆ ಲೆಕ್ಕದಿಂದಲೇ ಮನೇಲಿ ಅಡುಗೆ ನಡೀತಿದೆಯೋ, ಗುಡಿಸ್ತಿದಾರೋ, ಟೈಪ್ ಮಾಡ್ತಿದಾರೋ ಅಂತ ನೂರಕ್ಕೆ 82 ಸಲ ಸರಿಯಾಗಿ ಹೇಳಬಹುದಿತ್ತು. ಆಮೇಲೆ ಆ ಕಂಪನಿ ಸರಿಮಾಡಿಕೊಳ್ತು.

ಅಪ್ಪ: ನಂಬೋಕಾಗಲ್ಲ.

ಮಗಳು: ಇನ್ನೂ ಕೇಳಿ. ಕನ್ನಡಕದ ಗಾಜಿನಲ್ಲಿ ನನ್ನ ಸ್ಕ್ರೀನು ಹೊಳೆಯತ್ತಲ್ಲ, ಅದನ್ನ ಸಾಧಾರಣ ವೆಬ್‌ಕ್ಯಾಮಿನ ಚಿತ್ರದಿಂದಲೇ ಓದಬಹುದು, ಅಕ್ಷರ ಒಂದು ಸೆಂಟಿಮೀಟರ್ ಎತ್ತರ ಇದ್ರೆ ನೂರಕ್ಕೆ 75ಕ್ಕಿಂತ ಹೆಚ್ಚು ಸರಿಬರತ್ತೆ ಅಂತ ಮಿಶಿಗನ್ ಮತ್ತು ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ತೋರಿಸಿದ್ರು. 2023ರಲ್ಲಿ ಬ್ರಿಟನ್ನಿನವರು ಕೀಬೋರ್ಡಿನ ಟಕಟಕ ಸದ್ದನ್ನ ಝೂಮಿನ ಮೂಲಕ ಕೇಳಿ, ಯಾವ ಕೀ ಒತ್ತಿದ್ರು ಅಂತ ನೂರಕ್ಕೆ 93 ಸಲ ಹಿಡಿದ್ರು.

ಅಪ್ಪ: ಇದೆಲ್ಲ ಪ್ರಯೋಗಶಾಲೆ ಸಂಗತಿಯಮ್ಮ. ನಿನ್ನ ಕೀಬೋರ್ಡಿನ ಸದ್ದು ಕೇಳಿಕೊಂಡು ಯಾರು ಕೂತಿರ್ತಾರೆ?

ಮಗಳು: ಒಪ್ತೀನಿ. ಮೀಟಿಂಗಿನಲ್ಲಿ ಮೈಕು ಆನ್ ಇಟ್ಟುಕೊಂಡು ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡದಿದ್ರೆ ಆಯ್ತು. ದಿನಾ ಸೋರೋದು ಇಂಥ ಜಾಣತನದಿಂದಲ್ಲ. ಸ್ಕ್ರೀನ್ ಶೇರ್ ಮಾಡುವಾಗ ಒಂದು ಕಿಟಕಿ ತೋರಿಸೋ ಬದಲು ಇಡೀ ಸ್ಕ್ರೀನ್ ತೋರಿಸ್ತಾರೆ. ಆಗಲೇ ಮೂಲೇಲಿ ಅಕ್ಕನ ಮೆಸೇಜು ಪಾಪ್ ಆಗತ್ತೆ, ಭಾವನ ಜೊತೆ ಜಗಳ ಅಂತ. ಮೇಲಿನ ಸಾಲಿನಲ್ಲಿ ಬೇರೆ ಕೆಲಸ ಹುಡುಕೋ ವೆಬ್‌ಸೈಟು ತೆರೆದಿರತ್ತೆ. ಗೋಡೆಗೆ ಸಿಕ್ಕಿಸಿದ ಕರೆಂಟ್ ಬಿಲ್ಲಿನಲ್ಲಿ ಮನೆ ವಿಳಾಸ. ಯಾರೋ ತಮಾಷೆಗೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗುಂಪಿಗೆ ಹಾಕ್ತಾರೆ. ಇದಕ್ಕೆ ಹ್ಯಾಕರೇ ಬೇಕಾಗಿಲ್ಲ.

ಅಪ್ಪ: ಚಾಟು? ಅದರಲ್ಲಿ ಇಬ್ಬರೇ ಮಾತಾಡಿಕೊಳ್ಳೋದು ಉಂಟಲ್ಲ, ಪ್ರೈವೇಟು ಅಂತ.

ಮಗಳು: ಪ್ರೈವೇಟು ಅಂದ್ರೆ ಜೊತೆಯವರಿಗೆ ಕಾಣಲ್ಲ ಅಂತ ಅಷ್ಟೇ. ಆಫೀಸಿನ ಟೀಮ್ಸೋ ಸ್ಲ್ಯಾಕೋ ಆದ್ರೆ ಖಾತೆ ಕಂಪನಿಯದ್ದು. ತನಿಖೆ ಅಂತ ಬಂದ್ರೆ ಇಬ್ಬರ ನಡುವಿನ ಚಾಟನ್ನೂ ಕಂಪನಿ ತೆಗೆಸಬಹುದು. ನಾನು ಅಳಿಸಿದ್ರೂ ಅವರ ಉಳಿಕೆ ನಿಯಮದ ಪ್ರಕಾರ ಒಂದು ಪ್ರತಿ ಇರಬಹುದು. ಮ್ಯಾನೇಜರನ್ನ ಬೈಕೊಳ್ಳೋದಾದ್ರೆ ನನ್ನ ಫೋನಿನಲ್ಲಿ ಬೈಕೋತೀನಿ.

ಅಪ್ಪ: ವಾಟ್ಸ್ಆ್ಯಪನ್ನ ನೀನು ಆಫೀಸಿನ ಲ್ಯಾಪ್‌ಟಾಪಿನಲ್ಲೂ ತೆರೆದಿರ್ತೀಯಲ್ಲ?

ಮಗಳು: ತೆಗೆದುಬಿಟ್ಟೆ. ಬೀಗ ದಾರಿಯಲ್ಲಿ ಮಾತ್ರ ಕಾಯತ್ತೆ. ಸ್ಕ್ರೀನಿನ ಮೇಲೆ ಬಿಚ್ಚಿಕೊಂಡ ಮೇಲೆ, ಆ ಲ್ಯಾಪ್‌ಟಾಪಿನಲ್ಲಿ ಕಂಪನಿ ಇಟ್ಟಿರೋ ಕಾವಲು ಸಾಫ್ಟ್‌ವೇರಿಗೆ ಅದು ಬರೀ ಒಂದು ಚಿತ್ರ. ಇನ್ನೊಂದು ವಿಷಯ, ನಿಮ್ಮ ಫೋನಿಗೂ ಅನ್ವಯಿಸತ್ತೆ. ವಾಟ್ಸ್ಆ್ಯಪಿನ ಬ್ಯಾಕಪ್ಪಿಗೆ ಬೇರೆ ಬೀಗ ಬೇಕು. ಆ ಸೌಲಭ್ಯ 2021ರಲ್ಲಿ ಬಂತು, ನಾವೇ ಆನ್ ಮಾಡ್ಕೋಬೇಕು. ಸಂಜೆ ಮಾಡಿಕೊಡ್ತೀನಿ.

ಅಪ್ಪ: ನೀನು ಕೆಲಸ ಮಾಡ್ತಿದೀಯೋ ಇಲ್ವೋ ಅಂತ ನೋಡ್ತಾರಾ ಆ ಕಾವಲಿನಲ್ಲಿ?

ಮಗಳು: ನಮ್ಮಲ್ಲಿ ಎಷ್ಟು ಅಂತ ಹೇಳಲ್ಲ, ಅದೇ ದೂರು. ಬೇರೆ ಕಡೆ ಕಂಡದ್ದು ಹೇಳ್ತೀನಿ. ಝೂಮಿನಲ್ಲಿ ಮೊದಲು, ನೀವು ಬೇರೆ ಕಿಟಕಿ ನೋಡ್ತಾ ಇದ್ರೆ ಮೀಟಿಂಗ್ ಕರೆದವರಿಗೆ ತೋರಿಸೋ ಸೌಲಭ್ಯ ಇತ್ತು. ಗಲಾಟೆ ಆದ ಮೇಲೆ 2020ರ ಏಪ್ರಿಲಿನಲ್ಲಿ ತೆಗೆದ್ರು. ಮೈಕ್ರೋಸಾಫ್ಟಿನವರು ಅದೇ ವರ್ಷ ಒಬ್ಬೊಬ್ಬ ನೌಕರನ ಹೆಸರಿನ ಮುಂದೆ ಎಷ್ಟು ಮೇಲ್, ಎಷ್ಟು ಚಾಟ್ ಅಂತ ಅಂಕ ತೋರಿಸೋಕೆ ಹೊರಟು, ಟೀಕೆ ಬಂದ ಮೇಲೆ ಹೆಸರು ಕೈಬಿಟ್ರು. ಎರಡರಲ್ಲೂ ನೋಡಿ, ಜನ ಕೂಗಿದ್ದಕ್ಕೆ ಹೋಯ್ತು, ಕಾನೂನಿಗಲ್ಲ.

ಅಪ್ಪ: ಕ್ಯಾಮೆರಾ ಆಫ್ ಮಾಡ್ತೀನಿ ಅನ್ನೋ ಹಕ್ಕಿಲ್ವಾ?

ಮಗಳು: ನೆದರ್ಲ್ಯಾಂಡ್ಸಿನಲ್ಲಿ ಒಬ್ಬರು ಅಂದ್ರು. ಅಮೆರಿಕದ ಫ್ಲಾರಿಡಾದ ಚೇಟು ಅನ್ನೋ ಕಂಪನಿಗೆ ಮನೆಯಿಂದ ಕೆಲಸ ಮಾಡ್ತಿದ್ದವರು. ದಿನವಿಡೀ ಕ್ಯಾಮೆರಾ ಆನ್ ಇಟ್ಟು ಸ್ಕ್ರೀನನ್ನೂ ತೋರಿಸ್ತಾ ಕೂರಬೇಕು ಅಂದಾಗ, ಸ್ಕ್ರೀನ್ ನೋಡ್ಕೊಳ್ಳಿ, ಕ್ಯಾಮೆರಾ ಆಗಲ್ಲ ಅಂದ್ರು. ಕೆಲಸದಿಂದ ತೆಗೆದ್ರು. 2022ರಲ್ಲಿ ಅಲ್ಲಿನ ಕೋರ್ಟು, ಇದು ಖಾಸಗಿ ಬದುಕಿಗೆ ಕೈ ಹಾಕಿದ ಹಾಗೆ ಅಂತ ಹೇಳಿ, ಸಂಬಳದ ಬಾಕಿ ಬಿಟ್ಟು ಪರಿಹಾರವೇ 50 ಸಾವಿರ ಯೂರೊ ಕೊಡಿಸಿತು.

ಅಪ್ಪ: ಅದು ಅಲ್ಲಿ. ಇಲ್ಲಿ?

ಮಗಳು: ಇಲ್ಲಿ ಹೇಳೋದಾದ್ರೆ ನಮ್ಮ ಬೆಂಗಳೂರಿನವರಿಂದಲೇ ಶುರುಮಾಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 86ರ ವಯಸ್ಸಿನಲ್ಲಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು. ಅವರ ಹೆಸರಿನ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಮಾಹಿತಿಯನ್ನ ಭದ್ರವಾಗಿ ಇಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಅಪ್ಪ: ಭೇಷ್. ಹಾಗಾದ್ರೆ ನಿನ್ನ ಕಂಪನಿ ಸಿಕ್ಕಿಬಿತ್ತು.

ಮಗಳು: ನಿಧಾನ. ಅದೇ ಕಾಯ್ದೆಯ ಏಳನೇ ಕಲಂ ಪ್ರಕಾರ, ಉದ್ಯೋಗದ ಉದ್ದೇಶಕ್ಕೆ, ಕಂಪನಿಗೆ ನಷ್ಟ ಆಗದ ಹಾಗೆ ಕಾಪಾಡೋದಕ್ಕೆ ನೌಕರರ ಮಾಹಿತಿಯನ್ನ ಅವರ ಒಪ್ಪಿಗೆ ಇಲ್ಲದೆ ಬಳಸಬಹುದು. ಕಂಪನಿ ಗುಟ್ಟು ಕಾಯೋಕೆ ಅಂದ್ರೆ ಸಾಕು, ನನ್ನ ಕಡೆಯ ಬಾಗಿಲು ತೆರೆಯತ್ತೆ. ಇನ್ನು, ವೈಯಕ್ತಿಕವಾಗಿ ಅಥವಾ ಮನೆಮಟ್ಟಿಗೆ ಮಾಹಿತಿ ಬಳಸೋ ವ್ಯಕ್ತಿಗೆ ಈ ಕಾಯ್ದೆ ಅನ್ವಯಿಸಲ್ಲ. ಅಂದ್ರೆ ನಮ್ಮ ಸ್ಕ್ರೀನ್‌ಶಾಟನ್ನ ಸ್ವಂತ ಖುಷಿಗೆ ನೆಂಟರ ಗುಂಪಿಗೆ ಹಾಕಿದವನ ಮೇಲೆ ಇದನ್ನ ಹಿಡಿದುಕೊಂಡು ಹೋಗೋಕಾಗಲ್ಲ.

ಅಪ್ಪ: (ಸ್ವಲ್ಪ ಹೊತ್ತು ಬಿಟ್ಟು) ಆ ಏಳನೇ ಕಲಂ ನೌಕರರ ಬಗ್ಗೆ ತಾನೆ?

ಮಗಳು: ಹೌದು.

ಅಪ್ಪ: ನಿನ್ನ ಅಮ್ಮ ಆ ಕಂಪನಿಯ ನೌಕರಳಾ?

ಮಗಳು: ಅಲ್ಲ.

ಅಪ್ಪ: ನಾನು? ಪಕ್ಕದ ಮನೆ ಮಗು ಬಂದು ನಿನ್ನ ಕುರ್ಚಿ ಹಿಡ್ಕೊಂಡು ಆಡತ್ತಲ್ಲ, ಅದು?

ಮಗಳು: 18 ತುಂಬದವರ ಮಾಹಿತಿ ತಗೊಳ್ಳೋಕೆ ತಂದೆತಾಯಿಯ ಒಪ್ಪಿಗೆ ಬೇಕು ಅಂತ ಕಾಯ್ದೆಯಲ್ಲೇ ಇದೆ.

ಅಪ್ಪ: ನೋಡು ಮತ್ತೆ. ನೀನು ಸೇರುವಾಗ ಹತ್ತು ಕಾಗದಕ್ಕೆ ಸಹಿ ಹಾಕಿದೆ. ನಿನ್ನ ಮಾತು ನಿನ್ನ ಕಂಪನಿ ರೆಕಾರ್ಡ್ ಮಾಡ್ಕೊಳ್ಳಲಿ, ನಾನು ತಲೆ ಹಾಕಲ್ಲ. ನಿನ್ನ ಅಮ್ಮ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆಫೀಸು ಬಾಡಿಗೆ ಉಳಿಸೋಕೆ ನಮ್ಮ ನಡುಮನೆ ಬಳಸ್ಕೊಂಡವರು, ನಡುಮನೆಯಲ್ಲಿ ಇರೋರಿಗೂ ಉತ್ತರ ಹೇಳಬೇಕು.

ಅಮ್ಮ: ಯಾರ ಉತ್ತರಾನೂ ಬೇಡ, ನನ್ನ ಕ್ರಿಯಾಟಿನೈನನ್ನ ಅವರ ಪುಸ್ತಕದಿಂದ ಹೊಡೆದುಹಾಕಲಿ. ರೀ, ನೀವೂ ಇನ್ಮೇಲೆ ಫೋನು ಬಂದ್ರೆ ಟೆರೇಸಿಗೆ ಹೋಗಿ ಮಾತಾಡಿ. ಪೆನ್ಷನ್ ನಂಬರು, ಓಟಿಪಿ ಎಲ್ಲ ಊರಿಗೆ ಕೇಳೋ ಹಾಗೆ ಹೇಳ್ತೀರ.

ಅಪ್ಪ: ಎಕ್ಸ್‌ಚೇಂಜಿನ ಅಭ್ಯಾಸ ಕಣೇ, ಲೈನು ಕೆಟ್ಟಿರೋದು. ಆಯ್ತು, ಹೋಗ್ತೀನಿ.

ಮಗಳು: ನಾನೂ ಮೀಟಿಂಗಿನ ಹೊತ್ತನ್ನ ಬೆಳಿಗ್ಗೆಯೇ ಹೇಳಿಬಿಡ್ತೀನಿ. ಮಾತಾಡೋ ಸರದಿ ಮುಗಿದ ತಕ್ಷಣ ಮೈಕು ಆಫ್. ಆ ಬರೆದುಕೊಳ್ಳೋ ಸಾಫ್ಟ್‌ವೇರ್ ಮೀಟಿಂಗಿಗೆ ಬಂದಾಗ, ಯಾಕೆ ಬೇಕು ಅಂತ ಕೇಳ್ತೀನಿ. ಕೇಳಿದ್ರೆ ಎಷ್ಟೋ ಸಲ ತೆಗೀತಾರೆ, ಯಾರೂ ಕೇಳಿರಲ್ಲ ಅಷ್ಟೇ.

ಅಪ್ಪ: ಬಾಯಲ್ಲಿ ಕೇಳಬೇಡ. ಬರೆದು ಕೇಳು, ಎಚ್‌ಆರ್ ವಿಭಾಗಕ್ಕೆ. ಮೀಟಿಂಗಿನ ರೆಕಾರ್ಡು, ಬರಹ ಎಲ್ಲಿರತ್ತೆ, ಎಷ್ಟು ದಿನ ಇರತ್ತೆ, ಯಾರು ಯಾರು ತೆರೆದು ನೋಡಬಹುದು, ಮನೆಯವರ ಮಾತು ಅದರಲ್ಲಿ ಬಿದ್ರೆ ತೆಗೆದುಹಾಕೋ ಜವಾಬ್ದಾರಿ ಯಾರದ್ದು. ಗುರುವಾರದ ಆ ಸಾಲನ್ನ ತೆಗೆದು, ತೆಗೆದಿದ್ದೀವಿ ಅಂತ ಬರಹದಲ್ಲಿ ತಿಳಿಸಿ ಅಂತಲೂ ಸೇರಿಸು.

ಮಗಳು: ಉತ್ತರ ಕೊಡದೆ ಸುಮ್ಮನೆ ಕೂತ್ರೆ?

ಅಪ್ಪ: ನೀನು ಕೇಳಿದ ತಾರೀಖು ಇರತ್ತಲ್ಲ. ಆ ಕಾಯ್ದೆ ಪೂರ್ತಿ ಜಾರಿಗೆ ಬಂದಿದೆಯಾ?

ಮಗಳು: ಇಲ್ಲ. ನಿಯಮಗಳು ಹೊರಬಿದ್ದಿದ್ದೇ 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳು ಗಡುವು ಕೊಟ್ರು. ಮಾಹಿತಿ ಅಳಿಸಿ ಅಂತ ಕೇಳೋ ಹಕ್ಕೂ ಅದರ ಜೊತೆಗೇ ಬರೋದು.

ಅಪ್ಪ: ಹಾಗಾದ್ರೆ ಗಡುವು ಮುಗಿಯೋದನ್ನ ಕಾಯ್ತಾ ಕೂರಬೇಡ. ನಾಳೆ ಬೆಳಿಗ್ಗೆ ಮೊದಲನೇ ಮೀಟಿಂಗಿಗೆ ಮುಂಚೆ ಮೇಲ್ ಕಳಿಸು, ನಿನ್ನ ಜೊತೆಯವರಿಗೂ ಅವರವರ ಮನೆಯವರ ಪರವಾಗಿ ಕಳಿಸೋಕೆ ಹೇಳು.